ಕುತೂಹಲ ಕಥನದಲ್ಲಿ ಆವರಣ: ಠಾಣೆಯ ನೆಲೆಯಿಂದ ಒಂದು ವಿವೇಚನೆ

ಕಥನ ಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಪಾತ್ರ, ಸಂವಿಧಾನ, ವಸ್ತು ಎಂಬ ಮೂರು ಅಂಗಗಳಿಗೆ ದೊರೆತಿರುವಷ್ಟು ಗಮನ ಆವರಣಕ್ಕೆ ದೊರೆತಿಲ್ಲ. ಕಥೆ ನಡೆಯುವ ದೇಶಕಾಲಗಳನ್ನು 'ಹಿನ್ನೆಲೆ' ಎಂದು ಕರೆದು, ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ರೂಢಿಯಾಗಿದೆ. ಹೊರನಾಡಿನಲ್ಲಿ ಹುಟ್ಟಿದ ಕನ್ನಡ ಕಥನವನ್ನು ಚರ್ಚಿಸುವಾಗ ಈ ರೂಢಿಯಿಂದ ಆಗುವ ನಷ್ಟ ದೊಡ್ಡದು. ಮುಂಬಯಿಯ ಕಾದಂಬರಿಯೆಂದರೆ 'ನಗರದ ಅನಾಥಪ್ರಜ್ಞೆ' ಎಂಬ ಸಿದ್ಧವಾಕ್ಯವೊಂದು ತಾನಾಗಿ ಬಂದುಬಿಡುತ್ತದೆ. ಆ ನಗರದ ಯಾವ ಬೀದಿ, ಯಾವ ಕೋಣೆ, ಯಾವ ದಾರಿ ಕಥೆಯನ್ನು ಹಾಗೆ ನಡೆಯಿಸಿತು ಎಂಬ ವಿಚಾರಣೆ ನಡೆಯುವುದಿಲ್ಲ. ಓದುಗನ ಆತಂಕವನ್ನು ಕೊನೆಯವರೆಗೂ ಹಿಡಿದಿಡುವ ಕುತೂಹಲ ಕಥನದಲ್ಲಿ ಆವರಣವು ಹೇಗೆ ಪಾತ್ರವನ್ನೂ ಸಂವಿಧಾನವನ್ನೂ ವಸ್ತುವನ್ನೂ ರೂಪಿಸುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇದಕ್ಕೆ ಆರಿಸಿಕೊಂಡಿರುವ ನೆಲೆ ಠಾಣೆ ಮತ್ತು ಅದರ ಉತ್ತರಕ್ಕಿರುವ ಮಾಜಿವಾಡಾ. ಹೋಲಿಕೆಗಾಗಿ ನಮ್ಮ ಮಧ್ಯಕಾಲೀನ ಸಾಹಿತ್ಯದ ಒಂದು ಕೃತಿಯನ್ನು ಮೊದಲು ಗಮನಿಸಲಾಗಿದೆ.

1. ಲಕ್ಷಣಕಾರರ ದೃಷ್ಟಿಯಲ್ಲಿ ಆವರಣ

ಆವರಣದ ಪ್ರಶ್ನೆ ನಮ್ಮ ಪ್ರಾಚೀನರಿಗೆ ಅಪರಿಚಿತವಾದುದಲ್ಲ. ರಸಸಿದ್ಧಾಂತವು ವಿಭಾವವನ್ನು ಎರಡಾಗಿ ವಿಂಗಡಿಸುತ್ತದೆ. ಭಾವಕ್ಕೆ ಆಶ್ರಯವಾದ ವ್ಯಕ್ತಿಯೋ ವಸ್ತುವೋ ಆಲಂಬನ ವಿಭಾವ. ಆ ಭಾವವನ್ನು ಕೆರಳಿಸುವ ಸಂದರ್ಭ ಉದ್ದೀಪನ ವಿಭಾವ. ಭಯಾನಕ ರಸವನ್ನು ನಿರೂಪಿಸುವಾಗ ಭರತನು ಪಾಳುಮನೆಯನ್ನೂ ಕಾಡನ್ನೂ ವಿಕೃತವಾದ ಧ್ವನಿಗಳನ್ನೂ ಹೆಸರಿಸುತ್ತಾನೆ. ಮಹಾಕಾವ್ಯದಲ್ಲಿ ಇರಬೇಕೆಂದು ವಿಧಿಸಲಾದ ಹದಿನೆಂಟು ವರ್ಣನೆಗಳಲ್ಲಿಯೂ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳು ಸೇರಿವೆ.

ಆದರೆ ಈ ಎರಡೂ ವ್ಯವಸ್ಥೆಗಳಲ್ಲಿ ಆವರಣದ ಸ್ಥಾನ ಗೌಣವಾದುದು. ವರ್ಣನೆಯು ಅಲಂಕಾರವಾಗಬಹುದು, ಉದ್ದೀಪನವು ಭಾವಕ್ಕೆ ಗಾಳಿ ಹಾಕಬಹುದು. ಕಥೆ ಮಾತ್ರ ಅವುಗಳನ್ನು ಬಿಟ್ಟೂ ನಡೆಯಬಲ್ಲದು. ಕುತೂಹಲ ಕಥನದ ವಿಷಯದಲ್ಲಿ ಈ ತಿಳಿವಳಿಕೆ ಸಾಲದು. ಏಕೆಂದರೆ ಕುತೂಹಲವು ಹುಟ್ಟುವುದು ಕತ್ತಲೆಯಿಂದಲ್ಲ, ಮಳೆಯಿಂದಲ್ಲ. ಅರಿವಿನ ಅಸಮಾನ ಹಂಚಿಕೆಯಿಂದ. ಒಬ್ಬನಿಗೆ ತಿಳಿದದ್ದು ಮತ್ತೊಬ್ಬನಿಗೆ ತಿಳಿದಿರುವುದಿಲ್ಲ; ಓದುಗನಿಗೆ ತಿಳಿದದ್ದು ನಾಯಕನಿಗೆ ತಿಳಿದಿರುವುದಿಲ್ಲ; ಅಥವಾ ಎಲ್ಲರಿಗೂ ತಿಳಿದದ್ದು ನಾಯಕನೊಬ್ಬನಿಂದ ಮರೆಯಾಗಿರುತ್ತದೆ. ಈ ಹಂಚಿಕೆಯನ್ನು ಮಾಡುವುದು ಬಹುಮಟ್ಟಿಗೆ ಸ್ಥಳ. ಯಾರಿಗೆ ಏನು ಕಾಣುತ್ತದೆ, ಯಾರಿಗೆ ಏನು ಕೇಳುತ್ತದೆ, ಯಾರು ಯಾವ ದಾರಿಯಿಂದ ಹೊರಬೀಳಬಲ್ಲರು ಎಂಬ ಮೂರು ಪ್ರಶ್ನೆಗಳಿಗೆ ಗೋಡೆ, ಕಿಟಕಿ, ಬೀದಿ, ಹೊಳೆಗಳೇ ಉತ್ತರ ಕೊಡುತ್ತವೆ. ಆದುದರಿಂದ ಇಂತಹ ಕಥನದಲ್ಲಿ ಆವರಣಕ್ಕೆ ಉದ್ದೀಪನಕ್ಕಿಂತ ಹೆಚ್ಚಿನ ಕರ್ತೃತ್ವವಿದೆಯೆಂದು ಒಪ್ಪಬೇಕಾಗುತ್ತದೆ.

2. ಕಿವಿಯ ಕಾವ್ಯ: ಜನ್ನನ ನಿದರ್ಶನ

ಈ ಮಾತಿಗೆ ಕನ್ನಡದಲ್ಲಿ ದೊರೆಯುವ ಪ್ರೌಢ ನಿದರ್ಶನ ಜನ್ನನ 'ಯಶೋಧರ ಚರಿತೆ'. 1209ರಲ್ಲಿ ರಚಿತವಾದ ಈ ಕಾವ್ಯವನ್ನು ಜೀವದಯೆಯ ಬೋಧೆಗಾಗಿ ಓದುವುದು ವಾಡಿಕೆ. ಅದರ ಕಥಾತಂತ್ರದ ಕಡೆಗೆ ನೋಡಿದರೆ, ಇದು ಮೊದಲಿನಿಂದ ಕೊನೆಯವರೆಗೆ ಆತಂಕದ ಮೇಲೆ ನಿಂತ ಕೃತಿಯೆಂಬುದು ತಿಳಿಯುತ್ತದೆ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ ಮತ್ತು ಅಭಯಮತಿ, ಎದುರಿಗೆ ರಾಜನಾದ ಮಾರಿದತ್ತ. ಈ ಸ್ಥಿತಿಯಲ್ಲಿ ಬಾಲಕನು ತನ್ನ ಜನ್ಮಾಂತರಗಳ ಕಥೆಯನ್ನು ಹೇಳತೊಡಗುತ್ತಾನೆ. ಕಥೆ ಮುಗಿಯುವವರೆಗೆ ಕತ್ತಿ ಇಳಿಯುವಂತಿಲ್ಲ. ಮುಗಿದ ಮೇಲೆ ಏನಾಗುವುದೋ ತಿಳಿಯದು. ಬಲಿಪೀಠವನ್ನು ತೆಗೆದು ಬೇರೆಡೆ ಇಟ್ಟರೆ ಇದೇ ವೃತ್ತಾಂತವು ಧರ್ಮೋಪದೇಶವಾಗಿ ಉಳಿದೀತು, ಕುತೂಹಲ ಉಳಿಯದು.

ಒಳಗಿನ ಕಥೆಯಲ್ಲಿ ಸ್ಥಳದ ಕೆಲಸ ಇನ್ನೂ ಸೂಕ್ಷ್ಮವಾಗಿದೆ. ಅರಮನೆಯ ಅಂತಃಪುರ ಮತ್ತು ಆನೆಯ ಲಾಯ, ಈ ಎರಡೂ ಒಂದರ ಧ್ವನಿ ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ. ಆದರೆ ಒಂದರ ರೂಪ ಇನ್ನೊಂದಕ್ಕೆ ಕಾಣದಷ್ಟು ದೂರ. ರಾತ್ರಿಯ ಕಡೆಯ ಜಾವದಲ್ಲಿ ಮಾವುತನ ಹಾಡು ಅಮೃತಮತಿಯ ಕಿವಿಗೆ ಬೀಳುತ್ತದೆ. ಅವನು ಅಷ್ಟವಂಕನೆಂಬುದು, ಕುರೂಪಿಯೆಂಬುದು ದೂತಿ ಹೋಗಿ ನೋಡಿ ಬಂದ ಮೇಲಷ್ಟೇ ತಿಳಿಯುವುದು. ಅಷ್ಟರಲ್ಲಿ ರಾಣಿಯ ಮನಸ್ಸು ನಿಶ್ಚಯಗೊಂಡಿರುತ್ತದೆ. ಕಿವಿಗೆ ಸಿಕ್ಕಿ ಕಣ್ಣಿಗೆ ಸಿಕ್ಕದ ಈ ಅಂತರವೇ ಅಮೃತಮತಿಯ ಪಾತ್ರವನ್ನು ಹೊರಗೆಡಹುತ್ತದೆ. ಮುಂದೆ ಯಶೋಧರನು ಕತ್ತಿ ಹಿಡಿದು ಅವಳನ್ನು ಹಿಂಬಾಲಿಸಿದಾಗ ಕಣ್ಣಿನ ಸರದಿ ಬರುತ್ತದೆ. ಮರೆಯಲ್ಲಿ ನಿಂತ ಅರಸನಿಗೆ ಎಲ್ಲವೂ ಕಾಣುತ್ತದೆ, ಅವನನ್ನು ಕಾಣುವವರಿಲ್ಲ. ಎತ್ತಿದ ಕತ್ತಿಯನ್ನು ಅವನು ತಡೆಹಿಡಿಯುವುದು ಕೂಡ ಆ ಮರೆಯಲ್ಲಿಯೇ. ಸಭೆಯಲ್ಲಿ ಇಂತಹ ಸಂಯಮಕ್ಕೆ ಬೇರೆಯ ಅರ್ಥ ಬರುತ್ತಿತ್ತು.

ಕಾವ್ಯದ ಉಳಿದ ತಿರುವುಗಳೂ ಧ್ವನಿಯಿಂದಲೇ ಆಗುತ್ತವೆ ಎಂಬುದು ಗಮನಾರ್ಹ. ಬಲಿಕೊಟ್ಟ ಹಿಟ್ಟಿನ ಕೋಳಿ ಕೂಗುತ್ತದೆ. ಮತ್ತೊಂದು ಜನ್ಮದಲ್ಲಿ ಕೋಳಿಗಳಾಗಿ ಹುಟ್ಟಿದ ತಾಯಿಮಕ್ಕಳು ಕೂಗಿದ ದನಿಯನ್ನೇ ಗುರಿಯಾಗಿಸಿಕೊಂಡು ಯಶೋಮತಿ ಶಬ್ದವೇಧಿ ಬಾಣವನ್ನು ಬಿಡುತ್ತಾನೆ. ಕಾಣದೆ ಕೇಳುವುದರಿಂದ ಹುಟ್ಟುವ ಅನರ್ಥ ಎಂಬ ವಸ್ತುವು ಹೀಗೆ ಅರಮನೆಯ ಒಂದು ರಾತ್ರಿಯಲ್ಲಿ ಮೊಳೆತು ಕಾವ್ಯದುದ್ದಕ್ಕೂ ಹಬ್ಬಿದೆ.

ಆವರಣ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕಥೆಯನ್ನು ಆಧರಿಸಿದ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಸಾಕ್ಷಿಯಾಗಿದೆ. ನಾಟಕಕಾರರು ಅರಮನೆ ಮತ್ತು ಲಾಯಗಳ ನಡುವಿನ ಅಂತರವನ್ನು ಬಿಟ್ಟು, ಘಟನೆಯನ್ನು ಒಂದು ಪಾಳುಗುಡಿಯ ರಾತ್ರಿಗೆ ತಂದು ನಿಲ್ಲಿಸಿದ್ದಾರೆ. ಜನ್ಮಾಂತರಗಳ ದೀರ್ಘ ದಾರಿ ಮುಚ್ಚಿಹೋಗಿ, ಕೆಲವೇ ವ್ಯಕ್ತಿಗಳು ಒಬ್ಬರಿಗೊಬ್ಬರು ಮುಖಾಮುಖಿಯಾಗುತ್ತಾರೆ. ಕರ್ಮದ ಕಥೆಯು ಸಂಕಲ್ಪಹಿಂಸೆಯ ನೈತಿಕ ವಾಗ್ವಾದವಾಗಿ ಮಾರ್ಪಡುತ್ತದೆ. ಪಾತ್ರಗಳ ಮೂಲಸಂಬಂಧ ಹಾಗೆಯೇ ಉಳಿದಿದ್ದರೂ ಸ್ಥಳದೊಂದಿಗೆ ವಸ್ತುವಿನ ಒತ್ತು ಬದಲಾಗಿರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

3. ಠಾಣೆಯ ಕೋಟೆ: ಚರಿತ್ರೆಯೊಂದು ಕಥೆಯಾದ ಬಗೆ

ಜನ್ನನ ಕಾವ್ಯಕ್ಕೂ ಠಾಣೆಗೂ ನೇರವಾದ ಸಂಬಂಧವಿಲ್ಲ. ಆದರೂ ಆರು ಶತಮಾನಗಳ ತರುವಾಯ ಠಾಣೆಯಲ್ಲಿ ನಡೆದ ಒಂದು ಘಟನೆಯು ಅದೇ ರಚನೆಯನ್ನು ನೆನಪಿಗೆ ತರುತ್ತದೆ.

ಬರೋಡೆಯ ಗಾಯಕವಾಡರ ಪ್ರತಿನಿಧಿಯಾಗಿ ಪುಣೆಗೆ ಬಂದಿದ್ದ ಗಂಗಾಧರ ಶಾಸ್ತ್ರಿಯ ಕೊಲೆ 1815ರಲ್ಲಿ ಪಂಢರಪುರದಲ್ಲಿ ನಡೆಯಿತು. ಎರಡನೆಯ ಬಾಜಿರಾಯನ ನೆಚ್ಚಿನ ಮಂತ್ರಿಯಾದ ತ್ರ್ಯಂಬಕಜೀ ಡೇಂಗಳೆಯ ಮೇಲೆ ಆರೋಪ ಬಂದು, ಬ್ರಿಟಿಷರ ಒತ್ತಾಯದ ಮೇರೆಗೆ ಪೇಶ್ವೆಯು ಅವನನ್ನು ಒಪ್ಪಿಸಬೇಕಾಯಿತು. ಅವನನ್ನು ಠಾಣೆಯ ಕೋಟೆಯಲ್ಲಿ ಸೆರೆಯಿಡಲಾಯಿತು. ದೇಶೀಯ ಕಾವಲುಗಾರರನ್ನು ಒಲಿಸಿಕೊಂಡಾನೆಂಬ ಶಂಕೆಯಿಂದ ಯೂರೋಪಿಯನ್ ಸಿಪಾಯಿಗಳನ್ನೇ ಕಾವಲಿಗೆ ಹಾಕಿದ್ದರು. ಕಾವಲಿನ ಬಿಗಿಯಾಗಬೇಕಾಗಿದ್ದ ಈ ಏರ್ಪಾಡೇ ಅದರ ಸಡಿಲವಾಯಿತು. ಕೋಟೆಯ ಅಧಿಕಾರಿಯೊಬ್ಬನ ಬಳಿ ಕೆಲಸಕ್ಕಿದ್ದ ಒಬ್ಬ ಮರಾಠಾ ಕುದುರೆಯಾಳು, ಸೆರೆಯಾಳಿನ ಕಿಟಕಿಯ ಕೆಳಗೆ ಓಡಾಡುತ್ತ ಹಾಡಿಕೊಳ್ಳುತ್ತಿದ್ದ. ಹಾಡಿನಲ್ಲಿ ಹೊರಗಿನ ಸಿದ್ಧತೆಯ ಸುದ್ದಿಗಳಿದ್ದವು. ಮರಾಠಿ ತಿಳಿಯದ ಕಾವಲುಗಾರರ ಮಟ್ಟಿಗೆ ಅದು ಕೆಲಸದವನ ಗುನುಗು, ಒಳಗಿದ್ದವನಿಗೆ ಸಂದೇಶ. 1816ರ ಸೆಪ್ಟೆಂಬರ್ 12ರ ಮಳೆಯ ಇರುಳಿನಲ್ಲಿ ತ್ರ್ಯಂಬಕಜೀ ಶೌಚದ ನೆಪದಿಂದ ಎದ್ದು, ಗೋಡೆಯಲ್ಲಿ ಕೊರೆದಿದ್ದ ಕಂಡಿಯ ಮೂಲಕ ತಪ್ಪಿಸಿಕೊಂಡ. 1818ರಲ್ಲಿ ಮತ್ತೆ ಸಿಕ್ಕಿಬಿದ್ದು ಚುನಾರದ ಕೋಟೆಯಲ್ಲಿ ಸೆರೆಯಲ್ಲಿದ್ದನು. ಬಿಷಪ್ ಹೀಬರನು ತನ್ನ ಪ್ರವಾಸ ಕಥನದಲ್ಲಿ ಈ ಹಾಡಿನ ವಿಷಯವನ್ನು ದಾಖಲಿಸಿದ್ದಾನೆ.

ಈ ವೃತ್ತಾಂತದಲ್ಲಿ ಆವರಣವು ಮೂರು ನೆಲೆಗಳಲ್ಲಿ ಕೆಲಸ ಮಾಡಿದೆ. ಮೊದಲನೆಯದು ಪಾತ್ರದ ನೆಲೆ. ಬಯಲಿನಲ್ಲಿ ಈ ಕುದುರೆಯಾಳು ಯಾರ ಕಣ್ಣಿಗೂ ಬೀಳದ ಸಾಮಾನ್ಯ. ಕೋಟೆಯ ಗೋಡೆ ಮತ್ತು ಲಾಯಗಳ ನಡುವೆ ಯಾವ ಅನುಮಾನಕ್ಕೂ ಎಡೆಯಿಲ್ಲದೆ ಅಡ್ಡಾಡಬಲ್ಲವನು ಅವನೊಬ್ಬನೇ ಆದುದರಿಂದ ಕಥೆಯ ಚಾಲಕನಾಗುತ್ತಾನೆ. ಎರಡನೆಯದು ಸಂವಿಧಾನದ ನೆಲೆ. ಠಾಣೆಯು ಸಾಷ್ಟಿ ದ್ವೀಪದ ಅಂಚಿನಲ್ಲಿದೆ. ಘಟ್ಟದ ಸೀಮೆಯನ್ನು ಸೇರಬೇಕಾದವನು ಸ್ಥಳೀಯರು 'ಖಾಡಿ' ಎನ್ನುವ ಕಿರುಗಡಲನ್ನು ದಾಟಲೇಬೇಕು. ಕೋಟೆಯಿಂದ ಹೊರಬಿದ್ದ ಮಾತ್ರಕ್ಕೆ ಬಿಡುಗಡೆಯಿಲ್ಲ; ಗೋಡೆ ಮುಗಿದಲ್ಲಿ ನೀರು ಆರಂಭವಾಗುತ್ತದೆ. ಆದುದರಿಂದಲೇ ಹೊರಗಿನ ಸಿದ್ಧತೆಯ ಸುದ್ದಿ ಒಳಗೆ ತಲುಪುವುದು ಪ್ರಾಣದ ಪ್ರಶ್ನೆಯಾಗುತ್ತದೆ. ಮೂರನೆಯದು ವಸ್ತುವಿನ ನೆಲೆ. ತಾನು ಆಳಹೊರಟ ನಾಡಿನ ನುಡಿಯನ್ನು ಅರಿಯದ ಅಧಿಕಾರವು ತನ್ನ ಕಿಟಕಿಯ ಕೆಳಗೆ ನಡೆಯುವುದನ್ನೂ ಅರಿಯಲಾರದು ಎಂಬ ಆಶಯವು ಯಾರೂ ಹೇಳದೆಯೇ ಇಲ್ಲಿ ಮೂಡಿಬಂದಿದೆ.

ಲಾಯ, ರಾತ್ರಿ, ಹಾಡು, ಕೇಳಿದರೂ ಕಾಣದ ಗಾಯಕ: ಇವೆಲ್ಲವೂ ಜನ್ನನಲ್ಲಿಯೂ ಇವೆ. ಆದರೆ ಅಲ್ಲಿ ಹಾಡು ಒಳಗಿನವಳನ್ನು ಅಪಾಯಕ್ಕೆ ಸೆಳೆದರೆ, ಇಲ್ಲಿ ಒಳಗಿನವನನ್ನು ಅಪಾಯದಿಂದ ಹೊರಗೆ ಸೆಳೆಯುತ್ತದೆ. ಒಂದನ್ನು ಇನ್ನೊಂದರ ಪ್ರಭಾವವೆಂದು ಹೇಳಲಾಗದು. ಒಂದೇ ಬಗೆಯ ಸ್ಥಳವಿನ್ಯಾಸವು ಒಂದೇ ಬಗೆಯ ಕಥಾಬೀಜವನ್ನು ಹೊರಡಿಸುತ್ತದೆ ಎಂದಷ್ಟೇ ಹೇಳಬಹುದು. ನಮ್ಮ ಉದ್ದೇಶಕ್ಕೆ ಅಷ್ಟು ಸಾಕು. ಆ ಕೋಟೆ ಇಂದಿಗೂ ಠಾಣೆಯ ಮಧ್ಯವರ್ತಿ ಕಾರಾಗೃಹವಾಗಿ ಉಳಿದಿದೆ.

4. ಮುಂಬಯಿಯ ಕನ್ನಡ ಕಥನದಲ್ಲಿ

ಕನ್ನಡದಲ್ಲಿ ಕುತೂಹಲ ಕಥನವೆಂದರೆ ಎನ್. ನರಸಿಂಹಯ್ಯ, ಎಂ. ರಾಮಮೂರ್ತಿ ಮೊದಲಾದವರ ಪತ್ತೇದಾರಿ ಕಾದಂಬರಿಗಳು ಮೊದಲು ನೆನಪಿಗೆ ಬರುತ್ತವೆ. ಓದುವ ಹವ್ಯಾಸವನ್ನು ಬೆಳೆಸಿದ ಈ ಪರಂಪರೆಗೆ ಸಲ್ಲಬೇಕಾದ ಗೌರವ ಸಲ್ಲಬೇಕು. ಆದರೆ ಆವರಣವನ್ನೇ ಆತಂಕದ ಮೂಲವನ್ನಾಗಿಸಿದ ಗಂಭೀರ ಪ್ರಯೋಗವನ್ನು ಮುಂಬಯಿಯ ಕನ್ನಡ ಲೇಖಕರಲ್ಲಿ ಹುಡುಕಬೇಕಾಗುತ್ತದೆ.

ಯಶವಂತ ಚಿತ್ತಾಲರ 'ಶಿಕಾರಿ' (1979) ಇವುಗಳಲ್ಲಿ ಮುಖ್ಯವಾದುದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯ ಉದ್ಯಮ ಪ್ರಪಂಚವನ್ನು ಒಳಗಿನಿಂದ ಬಲ್ಲವರಾಗಿದ್ದರು. 2014ರಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಕಾದಂಬರಿಯ ನಾಗಪ್ಪನು ಕಂಪನಿಯೊಂದರ ಮೇಲಿನ ಅಧಿಕಾರಿ. ಅವನ ಮೇಲೆ ವಿಚಾರಣೆ ನಡೆಯಲಿದೆ. ಆರೋಪವೇನೆಂಬುದು ಅವನಿಗೆ ತಿಳಿಯದು. ಯಾರು ತನ್ನನ್ನು ಬೇಟೆಯಾಡುತ್ತಿದ್ದಾರೆ, ಏಕೆ ಆಡುತ್ತಿದ್ದಾರೆ ಎಂಬ ಶೋಧವೇ ಕಥೆ.

ಈ ಕೃತಿಯ ಆತಂಕವನ್ನು ಕಾಫ್ಕಾನೊಂದಿಗೆ ಹೋಲಿಸುವುದು ಸುಲಭ. ಆ ಹೋಲಿಕೆಯಲ್ಲಿ ಸತ್ಯವಿದ್ದರೂ, ಮುಂಬಯಿ ಮರೆಯಾಗುವ ಅಪಾಯವೂ ಇದೆ. ಕಂಪನಿಯ ಕಚೇರಿಯು ಒಂದು ವಿಶಿಷ್ಟವಾದ ಸ್ಥಳರಚನೆ: ಅಲ್ಲಿ ಅಧಿಕಾರವಿರುವುದು ಮುಚ್ಚಿದ ಬಾಗಿಲಿನ ಒಳಗೆ, ಅರಿವು ಹಂಚಿಕೆಯಾಗುವುದು ಶ್ರೇಣಿಗೆ ಅನುಗುಣವಾಗಿ. ಹೊರಗಿರಿಸಲ್ಪಟ್ಟವನಿಗೆ ಕಟ್ಟಡವಷ್ಟೇ ಕಾಣುತ್ತದೆ. ಇದಕ್ಕೆ ಎದುರಾಗಿ ನಾಗಪ್ಪನ ನೆನಪಿನಲ್ಲಿ ಕಡಲತೀರದ ಹಳ್ಳಿಯಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಗುಟ್ಟು ಉಳಿಯುವುದು ಕಷ್ಟ, ಅಪವಾದ ಹಬ್ಬುವುದು ಸುಲಭ; ಯಾರೂ ಯಾರನ್ನೂ ಅರಿಯದ ನಗರದಲ್ಲಿ ಇದರ ವಿಪರ್ಯಾಸ. ಊರಿನ ಅಪವಾದವು ನಗರದ ಕಡತದೊಳಗೆ ನುಸುಳಿದರೆ ಅದಕ್ಕೆ ಉತ್ತರ ಕೊಡಲು ಎದುರಿಗೆ ಮುಖವೇ ಇರುವುದಿಲ್ಲ. ಬೇಟೆಯ ರೂಪಕ ಸಾರ್ಥಕವಾಗುವುದು ಇಂತಹ ನೆಲೆಯಲ್ಲಿ. ಕಾಡಿನಲ್ಲಿ ಬೇಟೆಗಾರನಿಗೆ ಮರಗಳು ಮರೆ. ಇಲ್ಲಿ ಕೋಣೆಗಳು ಮರೆ.

ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಕುತೂಹಲ ಮತ್ತೊಂದು ಬಗೆಯದು. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವೆಯ ಮೆರವಣಿಗೆಯ ಕುದುರೆಯೇ ಬೆದರಿ ವರನನ್ನು ಹೊತ್ತು ಓಡುತ್ತದೆ. 'ಒಪೆರಾ ಹೌಸ್' ಕಥೆಯಲ್ಲಿ ಚಿತ್ರಮಂದಿರವನ್ನು ಗುಡಿಸುವವನಿಗೆ ಪ್ರೇಕ್ಷಕರು ಯಾರೋ ಬಿಟ್ಟುಹೋದ ಫ್ಲಾಸ್ಕೊಂದು ಸಿಗುತ್ತದೆ. ಯಾರದು, ಹೇಗೆ ತಲುಪಿಸುವುದು ಎಂಬ ಸಣ್ಣ ಪ್ರಶ್ನೆ ದೊಡ್ಡದಾಗಲು ಕಾರಣ ಆ ಸ್ಥಳದ ಗುಣ. ನೂರಾರು ಜನ ಕತ್ತಲೆಯಲ್ಲಿ ಒಟ್ಟಿಗೆ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆ ಚೆದುರಿಹೋಗುವ ಎಡೆ ಚಿತ್ರಮಂದಿರ. ಈ ಕಥೆಗಳ ಇಂಗ್ಲಿಷ್ ಅನುವಾದವಾದ 'ನೋ ಪ್ರೆಸೆಂಟ್ಸ್ ಪ್ಲೀಸ್', ತೇಜಸ್ವಿನಿ ನಿರಂಜನ ಅವರಿಂದ ಬಂದು 2018ರ ಡಿಎಸ್‌ಸಿ ಪ್ರಶಸ್ತಿಯನ್ನು ಪಡೆಯಿತು. ಹೊರರಾಜ್ಯಗಳ ಸಂಶೋಧಕರಿಗೆ ಈ ಕಥಾಲೋಕವನ್ನು ಪ್ರವೇಶಿಸಲು ಅದು ಅನುಕೂಲವಾದ ಬಾಗಿಲು.

5. ಮಾಜಿವಾಡಾ: ಆವರಣವನ್ನು ಓದುವ ಒಂದು ಪ್ರಯತ್ನ

ಕಥೆಯಿಂದ ಸ್ಥಳಕ್ಕೆ ಹೋಗುವ ಬದಲು ಸ್ಥಳದಿಂದ ಕಥೆಗೆ ಬರುವುದು ಸಾಧ್ಯವೇ ಎಂಬುದನ್ನು ಮಾಜಿವಾಡಾದ ಮೂಲಕ ಪರೀಕ್ಷಿಸಬಹುದು. ಇದು ಮೂಲತಃ ಠಾಣೆಯ ಹೊರಗಿನ ಒಂದು ಹಳ್ಳಿ. ಇಂದು ಮುಂಬಯಿಯಿಂದ ಬರುವ ಪೂರ್ವದ ಹೆದ್ದಾರಿಯು ನಾಸಿಕದ ಕಡೆಗೂ ಘೋಡ್‌ಬಂದರ್ ಕಡೆಗೂ ಕವಲೊಡೆಯುವ ಕೂಡುರಸ್ತೆ. ಮೇಲ್ಸೇತುವೆಗಳ ಅಡಿಯಲ್ಲಿ ಹಳೆಯ ಗಾವಠಾಣದ ಇಕ್ಕಟ್ಟಾದ ಓಣಿಗಳು. ಅವುಗಳ ಬೆನ್ನಿಗೆ ಬಹುಮಹಡಿಯ ವಸತಿಸಂಕೀರ್ಣಗಳು. ಉತ್ತರಕ್ಕೆ ಉಲ್ಹಾಸ ನದಿ, ಪೂರ್ವಕ್ಕೆ ಖಾಡಿ, ಪಶ್ಚಿಮಕ್ಕೆ ಯೇವೂರಿನ ಗುಡ್ಡಗಳು ಮತ್ತು ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ.

ಮೇಲೆ ಸೂಚಿಸಿದ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳೋಣ. ಏನು ಕಾಣುತ್ತದೆ? ಮೇಲ್ಸೇತುವೆಯ ಮೇಲೆ ಹೋಗುವವನಿಗೆ ಕೆಳಗಿನ ಓಣಿ ಕಾಣುವುದಿಲ್ಲ. ಹದಿನೈದನೆಯ ಮಹಡಿಯವನಿಗೆ ಓಣಿ ಕಾಣುತ್ತದೆ, ಮುಖಗಳು ಕಾಣುವುದಿಲ್ಲ. ಏನು ಕೇಳುತ್ತದೆ? ಹಗಲೂ ರಾತ್ರಿಯೂ ಲಾರಿಗಳ ಸದ್ದಿರುವ ಎಡೆಯಲ್ಲಿ ಕೂಗು ಕೇಳಿಸದು. ಜನ್ನನ ಅರಮನೆಯಲ್ಲಿ ಮೌನವು ಮಾಡಿದ ಕೆಲಸವನ್ನು ಇಲ್ಲಿ ಗದ್ದಲವು ಮಾಡಬೇಕಾಗುತ್ತದೆ. ಎಲ್ಲಿಂದ ಹೊರಹೋಗಬಹುದು? ನಕಾಶೆಯನ್ನು ನೋಡಿದರೆ ದಾರಿಗಳೇ ದಾರಿಗಳು. ಆದರೆ ವಾಹನವಿಲ್ಲದವನಿಗೆ ಹೆದ್ದಾರಿಯೂ ಒಂದು ಹೊಳೆಯೇ. ದಾರಿಗಳಿಂದಲೇ ಸುತ್ತುವರಿಯಲ್ಪಟ್ಟ ಈ ಸ್ಥಿತಿ ತ್ರ್ಯಂಬಕಜೀಯ ಕೋಟೆಗಿಂತ ಭಿನ್ನವಾದ ಸೆರೆಯನ್ನು ಸೂಚಿಸುತ್ತದೆ. ಈ ಎಡೆಯಲ್ಲಿ ಅಂದಿನ ಕುದುರೆಯಾಳಿನ ಸ್ಥಾನಕ್ಕೆ ಯಾರು ಬರುತ್ತಾರೆ? ಸಂಕೀರ್ಣದ ಗೇಟಿನಲ್ಲಿ ಕುಳಿತ ಕಾವಲುಗಾರ, ಮನೆಗೆಲಸಕ್ಕೆ ಹತ್ತು ಮನೆ ಹೊಕ್ಕು ಬರುವ ಹೆಂಗಸು, ನಾಲ್ಕು ಭಾಷೆಗಳನ್ನು ಕೇಳಿಸಿಕೊಳ್ಳುತ್ತ ಗಲ್ಲೆಯಲ್ಲಿ ಕುಳಿತ ತುಳು-ಕನ್ನಡದ ಹೊಟೇಲಿನವನು. ಅರಿವು ಸಂಚರಿಸುವುದು ಇವರ ಮೂಲಕ. ಆದುದರಿಂದ ಇಲ್ಲಿಯ ಕಥೆಯ ಚಾಲಕರೂ ಇವರೇ ಆಗಬೇಕು.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ಒಂದು ಘಟನೆಯನ್ನು ಹೇಳಬಹುದು. 2019ರ ಫೆಬ್ರವರಿ 20ರ ನಸುಕಿನಲ್ಲಿ, ಮಾಜಿವಾಡಾಕ್ಕೆ ದೂರವಲ್ಲದ ಕೋರಂ ಮಾಲ್‌ನ ಆವರಣಕ್ಕೆ ಚಿರತೆಯೊಂದು ಬಂದುದು ಸಿಸಿಟಿವಿಯಲ್ಲಿ ಕಾಣಿಸಿತು. ಗಂಟೆಗಟ್ಟಲೆ ಶೋಧ ನಡೆದು, ಕೊನೆಗೆ ಸಮೀಪದ ವಸತಿಗೃಹವೊಂದರ ನೆಲಮಾಳಿಗೆಯಲ್ಲಿ ಅದಕ್ಕೆ ಅರಿವಳಿಕೆ ಕೊಟ್ಟು ಹಿಡಿದರು. ಕ್ಯಾಮರಾ ಕಂಡದ್ದನ್ನು ಬೀದಿಯಲ್ಲಿ ನಡೆಯುವವರು ಕಾಣಲಿಲ್ಲ. ಮೃಗಕ್ಕೆ ಹೊರದಾರಿ ತಿಳಿಯದು, ಜನರಿಗೆ ಮೃಗವೆಲ್ಲಿದೆಯೆಂದು ತಿಳಿಯದು. ಕುತೂಹಲ ಕಥನದ ಎಲ್ಲ ಅಂಗಗಳೂ ಇಲ್ಲಿ ತಾವಾಗಿ ಕೂಡಿವೆ. ಅಷ್ಟೇ ಅಲ್ಲದೆ, ಕಾಡಿನ ಅಂಚಿಗೇ ನಗರವು ಬೆಳೆದುನಿಂತಲ್ಲಿ ನುಗ್ಗಿದವರು ಯಾರು ಎಂಬ ವಸ್ತುಪ್ರಶ್ನೆಯೂ ಸ್ಥಳದಿಂದಲೇ ಏಳುತ್ತದೆ. 'ಶಿಕಾರಿ'ಯಲ್ಲಿ ರೂಪಕವಾಗಿದ್ದುದು ಇಲ್ಲಿ ವಾಸ್ತವವಾಗಿ ಎದುರಾಗಿದೆ.

6. ಅಧ್ಯಯನದ ದೃಷ್ಟಿಯಿಂದ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಕುತೂಹಲ ಕಥನದಲ್ಲಿ ಆವರಣವು ಅರಿವನ್ನು ಹಂಚುವ ಮೂಲಕ ಪಾತ್ರಗಳಿಗೆ ಶಕ್ತಿಯನ್ನೋ ಅಸಹಾಯಕತೆಯನ್ನೋ ಕೊಡುತ್ತದೆ. ದಾರಿಗಳನ್ನು ತೆರೆದು ಮುಚ್ಚುವ ಮೂಲಕ ಸಂವಿಧಾನವನ್ನು ನಡೆಸುತ್ತದೆ. ಈ ಎರಡರ ಫಲವಾಗಿ ವಸ್ತುವು ಮೂಡುತ್ತದೆ. ಯಾವುದೇ ಕೃತಿಯಲ್ಲಿ ಸ್ಥಳವನ್ನು ಬದಲಾಯಿಸಿ ನೋಡುವುದು ಇದಕ್ಕೆ ಸರಳವಾದ ಒರೆಗಲ್ಲು. ಬದಲಾಯಿಸಿದರೂ ಕಥೆ ಹಾಗೆಯೇ ನಿಂತರೆ ಅಲ್ಲಿರುವುದು ವರ್ಣನೆ; ಕುಸಿದರೆ ಅಲ್ಲಿರುವುದು ಆವರಣ.

ಇದರೊಂದಿಗೆ ಒಂದು ಎಚ್ಚರವೂ ಅವಶ್ಯಕ. ಸ್ಥಳವು ಪಾತ್ರದ ವಿಧಿಯಲ್ಲ. ಎತ್ತಿದ ಕತ್ತಿಯನ್ನು ಯಶೋಧರನು ಇಳಿಸಿದುದು ಅವನ ಮನೋಧರ್ಮದಿಂದ. ಮರೆಯು ಅದಕ್ಕೆ ಅವಕಾಶವನ್ನಷ್ಟೇ ಕೊಟ್ಟಿತು. ಆವರಣವು ಎಲ್ಲವನ್ನೂ ನಿರ್ಣಯಿಸುತ್ತದೆ ಎಂದು ಹೊರಟರೆ ವಿಮರ್ಶೆಯು ಭೂಗೋಳವಾದೀತು.

ಹೊರನಾಡಿನ ಸಂಶೋಧಕರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯಿದೆ. ಮುಂಬಯಿ-ಠಾಣೆಗಳಲ್ಲಿ ಗಿರಣಿಗಳು ಮುಚ್ಚಿವೆ, ಚಾಳುಗಳು ಕಣ್ಮರೆಯಾಗುತ್ತಿವೆ, ಕಾರ್ಖಾನೆಗಳಿದ್ದ ನೆಲದಲ್ಲಿ ವಸತಿಸಂಕೀರ್ಣಗಳು ಎದ್ದಿವೆ. ಸಂಚಾರಿ ದೂರವಾಣಿಯ ಕಾಲದಲ್ಲಿ ಬೆಳೆದ ಓದುಗನಿಗೆ 1979ರ ನಾಗಪ್ಪನ ಕಾಯುವಿಕೆಯ ತೀವ್ರತೆ ಅರ್ಥವಾಗಬೇಕಾದರೆ, ಅಂದಿನ ಕಚೇರಿ, ಕೋಣೆ, ಪತ್ರ, ದೂರವಾಣಿಗಳ ವ್ಯವಸ್ಥೆಯನ್ನು ಯಾರಾದರೂ ವಿವರಿಸಬೇಕು. ಮಧ್ಯಕಾಲೀನ ಕಾವ್ಯಗಳಿಗೆ ನಾವು ಟಿಪ್ಪಣಿಗಳನ್ನು ಬರೆಯುತ್ತೇವೆ. ನಲವತ್ತು-ಐವತ್ತು ವರ್ಷಗಳ ಹಿಂದಿನ ಕಾದಂಬರಿಗೂ ಸ್ಥಳಟಿಪ್ಪಣಿ ಬೇಕಾಗುವ ಕಾಲ ಬಂದಿದೆ. ಆ ಬೀದಿಗಳಲ್ಲಿ ಬಾಳಿದ ಹಿರಿಯ ಕನ್ನಡಿಗರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ನೆನಪುಗಳನ್ನು ಸಂಗ್ರಹಿಸಿ, ಕೃತಿಗಳೊಂದಿಗೆ ಹೊಂದಿಸಿ ನೋಡುವ ಕಾರ್ಯ ನಡೆಯಬೇಕು. ಕರ್ನಾಟಕದೊಳಗಿನ ವಿದ್ವಾಂಸರಿಗಿಂತ ಆ ಊರುಗಳಲ್ಲಿಯೇ ಇರುವ ಸಂಶೋಧಕರು ಈ ಕೆಲಸಕ್ಕೆ ಹೆಚ್ಚು ಸಮರ್ಥರು.